ಅಂತರಿಕ್ಷ ನಿಲ್ದಾಣದ ನಿರ್ಮಾಣ ಮತ್ತು ಪೂರೈಕೆಯಲ್ಲಿ ರಾಷ್ಟ್ರಗಳ ಪಾಲು: ಕರ್ನಾಟಕದ ಕಡೆಯಿಂದ ಒಂದು ವಿವೇಚನೆ

೧. ಪೀಠಿಕೆ

ರಾಜ್ಯಗಳ ಚರಿತ್ರೆಯನ್ನು ಅರಸರ ಹೆಸರುಗಳಿಂದಲೂ ಯುದ್ಧಗಳ ತಾರೀಖುಗಳಿಂದಲೂ ತಿಳಿಯಲು ಹೊರಟವರಿಗೆ ಅದರ ಹೊರಮೈ ಮಾತ್ರ ಕಾಣುತ್ತದೆ. ಭೂಮಿಯ ಹಿಡುವಳಿ, ತೆರಿಗೆಯ ಲೆಕ್ಕ, ದಾನಶಾಸನಗಳ ಷರತ್ತು ಇವುಗಳನ್ನು ಬಿಡಿಸಿ ನೋಡಿದವರಿಗೆ ಅದರ ಒಳಗಟ್ಟು ತಿಳಿಯುತ್ತದೆ. ಅಂತರಿಕ್ಷದ ಚರಿತ್ರೆಗೂ ಈ ಮಾತು ಸಲ್ಲುತ್ತದೆ. ಯಾರು ಯಾವ ದಿನ ಹಾರಿದರು, ಎಷ್ಟು ದಿನ ಮೇಲಿದ್ದರು ಎಂಬುದು ಪತ್ರಿಕೆಗಳಿಂದ ಎಲ್ಲರಿಗೂ ತಿಳಿದ ಸಂಗತಿ. ಅವರು ತಂಗಿದ ನಿಲ್ದಾಣದ ಯಾವ ಭಾಗವನ್ನು ಯಾವ ರಾಷ್ಟ್ರ ಕಟ್ಟಿತು, ಅಲ್ಲಿಗೆ ಅನ್ನ, ನೀರು, ಇಂಧನಗಳನ್ನು ಯಾರು ಸಾಗಿಸಿದರು, ಅದಕ್ಕೆ ಪ್ರತಿಯಾಗಿ ಯಾರಿಗೆ ಎಷ್ಟು ಹಕ್ಕು ದೊರೆಯಿತು ಎಂಬ ಲೆಕ್ಕವನ್ನು ಮಾತ್ರ ನಮ್ಮ ಕಾಲೇಜುಗಳಲ್ಲಿ ಅಷ್ಟಾಗಿ ಪರಿಶೀಲಿಸಿಲ್ಲ.

ಈ ಲೆಕ್ಕ ಕರಾವಳಿಯ ಜನರಿಗೆ ಅಪರಿಚಿತವಾದುದೇನೂ ಅಲ್ಲ. ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಲಗೊಳ್ಳುವುದಕ್ಕೆ ಮೊದಲು ಮಲ್ಪೆ, ಕಾಪು ಮೊದಲಾದ ಕಡೆಗಳಲ್ಲಿ ರಂಪಣಿ ಬಲೆಯನ್ನು ಹಲವು ಮನೆಗಳವರು ಕೂಡಿ ಹೊಂದಿರುತ್ತಿದ್ದರು. ಕೂಡಿ ಎಳೆದು, ಬಂದ ಮೀನನ್ನು ಪಾಲು ಮಾಡಿಕೊಳ್ಳುತ್ತಿದ್ದರು. ದಡದಲ್ಲಿ ನಿಂತು ನೋಡಿದವನಿಗೆ ಒಂದು ಹಿಡಿ ಮೀನು ಪ್ರೀತಿಯಿಂದ ದೊರೆತೀತು. ಆದರೆ ಅದು ಪಾಲಲ್ಲ. ಅತಿಥಿಗೂ ಪಾಲುದಾರನಿಗೂ ಇರುವ ಈ ಅಂತರವೇ ಪ್ರಕೃತ ಲೇಖನದ ವಿಷಯ.

ಇಲ್ಲಿ ಪ್ರತಿಪಾದಿಸಲಿರುವುದು ಇಷ್ಟು: ಅಂತರಿಕ್ಷ ನಿಲ್ದಾಣದಲ್ಲಿ ಒಂದು ರಾಷ್ಟ್ರದ ಸ್ಥಾನವನ್ನು ನಿರ್ಣಯಿಸುವುದು ಆ ರಾಷ್ಟ್ರ ಕಳುಹಿಸಿದ ಯಾತ್ರಿಕನಲ್ಲ, ಅದು ಕಟ್ಟಿಕೊಟ್ಟ ಭಾಗ ಮತ್ತು ಹೊತ್ತೊಯ್ದ ಸರಕು. ಭಾರತದ, ವಿಶೇಷವಾಗಿ ಕರ್ನಾಟಕದ, ಅನುಭವ ಈ ಮಾತಿಗೆ ಸ್ಪಷ್ಟವಾದ ನಿದರ್ಶನವನ್ನು ಒದಗಿಸುತ್ತದೆ.

೨. ಪೀಣ್ಯದ ಪಾಠ

ಭೂಮಿಯನ್ನು ಸುತ್ತುತ್ತ ಮನುಷ್ಯರು ವಾಸಿಸಬಹುದಾದ ಮೊದಲ ನಿಲ್ದಾಣ ಸೋವಿಯೆತ್ ಒಕ್ಕೂಟದ ಸಾಲ್ಯೂತ್-೧. ಅದು ಕಕ್ಷೆಗೆ ಏರಿದುದು ೧೯೭೧ರ ಏಪ್ರಿಲ್ ೧೯ರಂದು. ಸರಿಯಾಗಿ ನಾಲ್ಕು ವರ್ಷಗಳ ನಂತರ, ೧೯೭೫ರ ಏಪ್ರಿಲ್ ೧೯ರಂದು, ಅದೇ ದೇಶದ ಕಪೂಸ್ತಿನ್ ಯಾರ್ ನೆಲೆಯಿಂದ ಭಾರತದ ಮೊದಲ ಉಪಗ್ರಹವಾದ ಆರ್ಯಭಟ ಮೇಲೇರಿತು. ದಿನಾಂಕದ ಹೊಂದಿಕೆ ಕೇವಲ ಆಕಸ್ಮಿಕ. ಆದರೆ ನಿಲ್ದಾಣಗಳ ಚರ್ಚೆಯಲ್ಲಿ ಆರ್ಯಭಟವನ್ನು ನೆನೆಯುವುದಕ್ಕೆ ಬೇರೆ ಕಾರಣವಿದೆ: ಬೇರೆ ದೇಶದೊಡನೆ ಕೂಡಿ ಅಂತರಿಕ್ಷದ ವಸ್ತುವೊಂದನ್ನು ಕಟ್ಟುವ ವಿದ್ಯೆಯನ್ನು ಬೆಂಗಳೂರು ಕಲಿತುದು ಅಲ್ಲಿಯೇ.

ಆ ಕಾರ್ಯದ ನಾಯಕರಾಗಿದ್ದವರು ಉಡುಪಿ ರಾಮಚಂದ್ರ ರಾಯರು. ಅವರು ೧೯೩೨ರ ಮಾರ್ಚ್ ೧೦ರಂದು ಉಡುಪಿಯ ಸಮೀಪದ ಅದಮಾರಿನಲ್ಲಿ ಜನಿಸಿದರು; ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದರು; ಮುಂದೆ ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ವಿಕ್ರಮ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ನಡೆಸಿದರು. ಅಮೆರಿಕದಲ್ಲಿ ಕೆಲವು ವರ್ಷ ಅಧ್ಯಾಪನ ಮತ್ತು ಸಂಶೋಧನೆಯಲ್ಲಿದ್ದು ೧೯೬೬ರಲ್ಲಿ ಸ್ವದೇಶಕ್ಕೆ ಮರಳಿದರು.

ಸೋವಿಯೆತ್ ವಿಜ್ಞಾನ ಅಕಾಡೆಮಿಯೊಡನೆ ಭಾರತೀಯ ಅಂತರಿಕ್ಷ ಸಂಶೋಧನ ಸಂಸ್ಥೆ ಒಪ್ಪಂದ ಮಾಡಿಕೊಂಡುದು ೧೯೭೨ರ ಮೇ ೧೦ರಂದು. ಈ ಒಪ್ಪಂದದ ಸ್ವರೂಪ ಗಮನಾರ್ಹವಾದುದು. ರಾಕೆಟ್ಟನ್ನೂ ಉಡಾವಣೆಯನ್ನೂ ಸೋವಿಯೆತ್ ಪಕ್ಷ ಯಾವ ಶುಲ್ಕವನ್ನೂ ಪಡೆಯದೆ ಒದಗಿಸಿತು. ಸೌರಕೋಶದ ಫಲಕಗಳು, ವಿದ್ಯುತ್ಕೋಶಗಳು, ಶಾಖನಿಯಂತ್ರಣದ ಬಣ್ಣಗಳು, ಮಾಹಿತಿಯನ್ನು ದಾಖಲಿಸುವ ಟೇಪ್ ಯಂತ್ರ ಮೊದಲಾದುವು ಅಲ್ಲಿಂದಲೇ ಬಂದುವು. ಆದರೆ ೩೬೦ ಕಿಲೋಗ್ರಾಂ ತೂಕದ ಉಪಗ್ರಹದ ವಿನ್ಯಾಸ, ಅದರ ಕಟ್ಟಡ, ಒಳಗಿನ ಉಪಕರಣಗಳ ಜೋಡಣೆ, ಪರೀಕ್ಷೆ ಇವೆಲ್ಲ ಬೆಂಗಳೂರಿನ ಪೀಣ್ಯ ಕೈಗಾರಿಕಾ ವಸಾಹತಿನ ಕೊಟ್ಟಿಗೆಗಳಲ್ಲಿ ನಡೆದುವು. ಕಕ್ಷೆ ಸೇರಿದ ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯಲ್ಲಿ ದೋಷವುಂಟಾಗಿ ಮೂರು ವೈಜ್ಞಾನಿಕ ಪ್ರಯೋಗಗಳೂ ನಿಂತುಹೋದುವು. ಫಲಿತಾಂಶದ ದೃಷ್ಟಿಯಿಂದ ಇದು ನಷ್ಟವೇ ಸರಿ. ಆದರೂ ಕಟ್ಟಿದವರ ಕೈಯಲ್ಲಿ ಕಸಬು ಉಳಿಯಿತು. ೧೯೭೯ ಮತ್ತು ೧೯೮೧ರಲ್ಲಿ ಭಾಸ್ಕರ ಉಪಗ್ರಹಗಳು ಸೋವಿಯೆತ್ ರಾಕೆಟ್ಟುಗಳಲ್ಲಿಯೂ, ೧೯೮೧ರ ಜೂನ್ ತಿಂಗಳಲ್ಲಿ ಆಪಲ್ ಎಂಬ ಸಂಪರ್ಕ ಉಪಗ್ರಹ ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿಯೂ ಮೇಲಕ್ಕೆ ಹೋದುವು. ವಾಹನ ಪರರದು, ವಸ್ತು ನಮ್ಮದು ಎಂಬ ಈ ಕ್ರಮದಲ್ಲಿ ಪ್ರತಿಯೊಂದು ಸಹಕಾರವೂ ಬೆಂಗಳೂರಿನಲ್ಲಿ ಒಂದು ಕಾರ್ಯಾಗಾರವನ್ನೂ ಒಂದು ತಂಡವನ್ನೂ ಬಿಟ್ಟುಹೋಯಿತು. ಮುಂದಿನ ಘಟನೆಗಳನ್ನು ಅಳೆಯಲು ಇದೇ ನಮಗೆ ಮಾನದಂಡ.

೩. ಅತಿಥಿಗಳ ಕಾಲ

ಆರಂಭದ ಸಾಲ್ಯೂತ್ ನಿಲ್ದಾಣಗಳಿಗೆ ನೌಕೆಯೊಂದು ಬಂದು ಕೂಡಿಕೊಳ್ಳಲು ಒಂದೇ ಬಾಗಿಲಿದ್ದಿತು. ಯಾತ್ರಿಗಳನ್ನು ತಂದ ನೌಕೆ ಆ ಬಾಗಿಲಲ್ಲಿ ನಿಂತುಬಿಟ್ಟರೆ ಸರಕಿನ ನೌಕೆಗೆ ಸ್ಥಳವಿರಲಿಲ್ಲ. ಒಯ್ದ ಬುತ್ತಿ ಮುಗಿದೊಡನೆ ಯಾತ್ರಿಗಳು ಹಿಂದಿರುಗಬೇಕಾಗಿದ್ದಿತು. ೧೯೭೭ರ ಸೆಪ್ಟೆಂಬರಿನಲ್ಲಿ ಉಡಾಯಿಸಿದ ಸಾಲ್ಯೂತ್-೬ಕ್ಕೆ ಎರಡು ಬಾಗಿಲುಗಳನ್ನು ಇರಿಸಲಾಯಿತು. ೧೯೭೮ರ ಜನವರಿಯಲ್ಲಿ ಪ್ರೋಗ್ರೆಸ್-೧ ಎಂಬ ಮನುಷ್ಯರಹಿತ ಸರಕುನೌಕೆ ಎರಡು ಟನ್ನಿಗೂ ಮಿಗಿಲಾದ ಆಹಾರ, ನೀರು, ಇಂಧನಗಳನ್ನು ಹೊತ್ತು ಅಲ್ಲಿಗೆ ತಲುಪಿತು. ಉಡುಪಿಯಲ್ಲಿ ಪರ್ಯಾಯಕ್ಕೆ ಬಹಳ ಮೊದಲೇ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತಗಳು ನಡೆಯುವುದನ್ನು ಕಂಡವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಉಗ್ರಾಣ ತುಂಬುವ ವ್ಯವಸ್ಥೆಯಾದ ಮೇಲೆಯೇ ದೀರ್ಘಕಾಲದ ವಾಸ ಸಾಧ್ಯವಾಗುತ್ತದೆ. ಎರಡನೆಯ ಬಾಗಿಲಿನಿಂದ ಇನ್ನೊಂದು ಅನುಕೂಲವೂ ಒದಗಿತು: ಮನೆಯಲ್ಲಿ ಖಾಯಂ ತಂಡವಿರುವಾಗಲೇ ಅತಿಥಿಗಳು ಬಂದು ಒಂದು ವಾರವಿದ್ದು ಹೋಗಬಹುದಾಯಿತು.

ಇಂಟರ್‌ಕಾಸ್ಮೋಸ್ ಎಂಬ ಯೋಜನೆಯ ಹಾರಾಟಗಳು ಈ ಅನುಕೂಲದ ಮೇಲೆಯೇ ನಿಂತುವು. ೧೯೭೮ರ ಮಾರ್ಚಿನಲ್ಲಿ ಚೆಕೊಸ್ಲೊವಾಕಿಯದ ವ್ಲಾದಿಮಿರ್ ರೆಮೆಕ್, ಅದೇ ವರ್ಷ ಪೋಲೆಂಡಿನ ಹೆರ್ಮಾಶೆವ್ಸ್ಕಿ, ೧೯೮೦ರಲ್ಲಿ ಹಂಗೆರಿಯ ಫರ್ಕಾಶ್, ಹೀಗೆ ಮಿತ್ರರಾಷ್ಟ್ರಗಳವರು ಒಬ್ಬೊಬ್ಬರಾಗಿ ಹೋಗಿಬಂದರು. ೧೯೮೪ರ ಏಪ್ರಿಲ್ ೩ರಂದು ಭಾರತದ ಸರದಿ ಬಂದಿತು. ರಾಕೇಶ್ ಶರ್ಮರು ಮಾಲಿಶೆವ್ ಮತ್ತು ಸ್ತ್ರೆಕಾಲೊವ್ ಅವರೊಡನೆ ಸೋಯುಜ್ ಟಿ-೧೧ ನೌಕೆಯಲ್ಲಿ ಸಾಲ್ಯೂತ್-೭ ನಿಲ್ದಾಣವನ್ನು ಸೇರಿ, ಏಪ್ರಿಲ್ ೧೧ರಂದು ಹಿಂದಿರುಗಿದರು. ಭಾರತದ ಭೂಭಾಗದ ಛಾಯಾಗ್ರಹಣ, ಭಾರರಹಿತ ಸ್ಥಿತಿಯಲ್ಲಿ ಯೋಗಾಭ್ಯಾಸದ ಪರಿಣಾಮ, ವಸ್ತುವಿಜ್ಞಾನದ ಒಂದು ಪ್ರಯೋಗ ಇವು ಅವರ ಕಾರ್ಯಗಳಲ್ಲಿ ಮುಖ್ಯವಾದುವು.

ಈ ಯಾತ್ರೆಯಲ್ಲಿ ಕರ್ನಾಟಕದ ಪಾಲು ಬುತ್ತಿಯ ರೂಪದಲ್ಲಿದ್ದಿತು. ೧೯೬೧ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನ ಪ್ರಯೋಗಾಲಯವು ಶರ್ಮರಿಗಾಗಿ ಭಾರತೀಯ ಆಹಾರವನ್ನು ಸಿದ್ಧಪಡಿಸಿಕೊಟ್ಟಿತು. ಗಡಿಯ ಸೈನಿಕರಿಗಾಗಿ ಕೆಡದಂತೆ ಆಹಾರವನ್ನು ಕಾಪಿಡುವ ವಿದ್ಯೆ ಹೀಗೆ ಕಕ್ಷೆಯವರೆಗೂ ಏರಿತು. ಪುಡಿ ಉದುರಬಾರದು, ತೂಕ ಕಡಿಮೆಯಿರಬೇಕು, ಶೀತಲ ಪೆಟ್ಟಿಗೆಯಿಲ್ಲದೆಯೂ ಉಳಿಯಬೇಕು ಎಂಬ ನಿಯಮಗಳಿಗೆ ಹೊಂದಿಕೊಂಡ ಆಹಾರವೂ ನಿಲ್ದಾಣದ ಪೂರೈಕೆಯ ಒಂದು ಅಂಗವೇ. ಈ ಸಣ್ಣ ಕೊಡುಗೆ ಮೈಸೂರಿನಲ್ಲಿ ನಿಂತು ಬೆಳೆಯಿತು. ಮುಂದೆ ಗಗನಯಾನ ಯೋಜನೆಯ ಆಹಾರವನ್ನೂ ಅದೇ ಪ್ರಯೋಗಾಲಯ ರೂಪಿಸಿತು.

ಉಳಿದ ವಿಷಯದಲ್ಲಿ ೧೯೮೪ರ ಯಾತ್ರೆ ಪೀಣ್ಯದಂಥ ನೆಲೆಯನ್ನು ಬಿಟ್ಟುಹೋಗಲಿಲ್ಲ. ದೇಶದ ಜನಮನದಲ್ಲಿ ಅದು ಉಂಟುಮಾಡಿದ ಉತ್ಸಾಹ ಅಪಾರವಾದುದು. ಅದನ್ನು ಕಡೆಗಣಿಸುವುದು ಸರಿಯಲ್ಲ. ಆದರೆ ನೌಕೆ, ನಿಲ್ದಾಣ, ತರಬೇತಿ, ಸರಬರಾಜು ಎಲ್ಲವೂ ಆತಿಥೇಯರದಾಗಿದ್ದುದರಿಂದ ಯಾತ್ರೆ ಮುಗಿದೊಡನೆ ಸಂಬಂಧವೂ ಮುಗಿಯಿತು. ಪರರ ವಾಹನವನ್ನು ನೆಚ್ಚಿದ ಮತ್ತೊಂದು ಯತ್ನ ಆರಂಭಕ್ಕೆ ಮೊದಲೇ ನಿಂತುಹೋಯಿತು. ಅಮೆರಿಕದ ಷಟಲ್ ನೌಕೆಯಲ್ಲಿ ಇನ್ಸಾಟ್-೧ಸಿ ಉಪಗ್ರಹದೊಡನೆ ಹೋಗಲು ತಿರುವನಂತಪುರದ ಪಿ. ರಾಧಾಕೃಷ್ಣನ್ ಮತ್ತು ಬೆಂಗಳೂರಿನ ಉಪಗ್ರಹ ಕೇಂದ್ರದ ಎನ್. ಸಿ. ಭಟ್ಟರು ಆಯ್ಕೆಯಾಗಿದ್ದರು. ೧೯೮೬ರ ಜನವರಿ ೨೮ರಂದು ಚಾಲೆಂಜರ್ ನೌಕೆ ನಾಶವಾದುದರಿಂದ ಆ ಯೋಜನೆ ರದ್ದಾಯಿತು. ಉಪಗ್ರಹವು ೧೯೮೮ರಲ್ಲಿ ಏರಿಯಾನ್ ರಾಕೆಟ್ಟಿನಲ್ಲಿ ಹೋಯಿತು, ಯಾತ್ರಿಗಳು ಹೋಗಲಿಲ್ಲ.

೪. ೧೯೯೩ರ ಎರಡು ಒಪ್ಪಂದಗಳು

ಅಮೆರಿಕದ ಅಧ್ಯಕ್ಷ ರೇಗನ್ ಅವರು ಖಾಯಂ ನಿಲ್ದಾಣವೊಂದನ್ನು ಕಟ್ಟುವಂತೆ ತಮ್ಮ ದೇಶದ ಅಂತರಿಕ್ಷ ಸಂಸ್ಥೆಯಾದ ನಾಸಾಗೆ ೧೯೮೪ರ ಜನವರಿಯಲ್ಲಿ ಆದೇಶವಿತ್ತಿದ್ದರು. ಯುರೋಪು, ಜಪಾನ್ ಮತ್ತು ಕೆನಡಗಳು ೧೯೮೮ರಲ್ಲಿ ಅದರೊಡನೆ ಒಪ್ಪಂದ ಮಾಡಿಕೊಂಡುವು. ವೆಚ್ಚ ಏರುತ್ತ ಹೋಗಿ, ವಿನ್ಯಾಸವನ್ನು ಪದೇ ಪದೇ ಬದಲಿಸಿ, ಯೋಜನೆ ಕುಂಟುತ್ತಿದ್ದಿತು. ಅಷ್ಟರಲ್ಲಿ ಸೋವಿಯೆತ್ ಒಕ್ಕೂಟ ಒಡೆಯಿತು. ಮೀರ್ ನಿಲ್ದಾಣವನ್ನು ಕಟ್ಟಿ ನಡೆಸಿದ ಅನುಭವವಿದ್ದ ರಷ್ಯಕ್ಕೆ ಹಣವಿರಲಿಲ್ಲ. ಹಣವಿದ್ದ ಅಮೆರಿಕಕ್ಕೆ ದೀರ್ಘವಾಸದ ಅನುಭವವಿರಲಿಲ್ಲ. ಇವೆರಡೂ ಕೂಡುವುದು ಸಹಜವಾಗಿದ್ದಿತು.

ಈ ಕೂಡಿಕೆಯ ಮತ್ತೊಂದು ಮುಖ ಬೆಂಗಳೂರಿಗೆ ಸಂಬಂಧಿಸಿದುದು. ಯು. ಆರ್. ರಾಯರು ೧೯೮೪ರಿಂದ ೧೯೯೪ರವರೆಗೆ ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಭಾರವಾದ ಉಪಗ್ರಹಗಳನ್ನು ನಮ್ಮ ನೆಲದಿಂದಲೇ ಮೇಲೆತ್ತಲು ದ್ರವ ಜಲಜನಕ ಮತ್ತು ದ್ರವ ಆಮ್ಲಜನಕಗಳನ್ನು ಉರಿಸುವ ಅತಿಶೀತ ಎಂಜಿನು, ಅಂದರೆ ಕ್ರಯೋಜೆನಿಕ್ ಎಂಜಿನು, ಅಗತ್ಯವಾಗಿದ್ದಿತು. ಜಲಜನಕ ದ್ರವವಾಗಿ ಉಳಿಯಬೇಕಾದರೆ ಶೂನ್ಯಕ್ಕಿಂತ ೨೫೩ ಡಿಗ್ರಿ ಸೆಲ್ಸಿಯಸ್ ಕೆಳಗಿರಬೇಕು. ಇಂಥ ಎಂಜಿನನ್ನು ರಚಿಸುವ ವಿದ್ಯೆ ಕೆಲವೇ ರಾಷ್ಟ್ರಗಳಲ್ಲಿದ್ದಿತು. ಎಂಜಿನನ್ನೂ ಅದರ ತಂತ್ರವಿದ್ಯೆಯನ್ನೂ ಪಡೆಯಲು ೧೯೯೧ರ ಜನವರಿಯಲ್ಲಿ ಸೋವಿಯೆತ್ ಸಂಸ್ಥೆಯಾದ ಗ್ಲಾವ್‌ಕಾಸ್ಮೋಸ್‌ನೊಡನೆ ಇಸ್ರೋ ಒಪ್ಪಂದ ಮಾಡಿಕೊಂಡಿತು. ಈ ವಿದ್ಯೆ ಕ್ಷಿಪಣಿಗಳಿಗೂ ಉಪಯೋಗವಾದೀತೆಂದು ಆಕ್ಷೇಪಿಸಿ ಅಮೆರಿಕವು ೧೯೯೨ರ ಮೇ ತಿಂಗಳಲ್ಲಿ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹೇರಿತು. ೧೯೯೩ರಲ್ಲಿ ರಷ್ಯವು ಮಣಿದು, ತಂತ್ರವಿದ್ಯೆಯನ್ನು ಕೊಡದೆ ಸಿದ್ಧ ಎಂಜಿನುಗಳನ್ನು ಮಾತ್ರ ಕೊಡಲು ಒಪ್ಪಿಕೊಂಡಿತು.

ಅದೇ ವರ್ಷ ಸೆಪ್ಟೆಂಬರ್ ೨ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ಉಪಾಧ್ಯಕ್ಷ ಗೋರ್ ಮತ್ತು ರಷ್ಯದ ಪ್ರಧಾನಿ ಚೆರ್ನೊಮಿರ್ದಿನ್ ಅವರ ಸಮಕ್ಷಮದಲ್ಲಿ ಅಂತರಿಕ್ಷ ಸಹಕಾರದ ಹೇಳಿಕೆಗೆ ಅಂಕಿತ ಬಿದ್ದಿತು. ಕ್ಷಿಪಣಿ ತಂತ್ರವಿದ್ಯೆಯ ರಫ್ತಿನ ನಿಯಂತ್ರಣಕ್ಕೆ ರಷ್ಯ ಬದ್ಧವಾಗುವ ಪತ್ರಕ್ಕೂ ಅಂಕಿತ ಬಿದ್ದಿತು. ಮೀರ್ ನಿಲ್ದಾಣದ ಬಳಕೆ ಮೊದಲಾದ ಸೇವೆಗಳಿಗಾಗಿ ರಷ್ಯಕ್ಕೆ ೪೦ ಕೋಟಿ ಡಾಲರ್ ಕೊಡುವ ಏರ್ಪಾಡೂ ಆಯಿತು.

ನಿಲ್ದಾಣದ ಸಲುವಾಗಿಯೇ ಭಾರತದ ಒಪ್ಪಂದ ಕೆಟ್ಟಿತೆಂದು ಹೇಳಿಬಿಡುವುದು ಅತಿಯಾದೀತು. ಅಮೆರಿಕದ ಆಕ್ಷೇಪ ನಿಲ್ದಾಣದ ಮಾತುಕತೆಗಿಂತ ಹಳೆಯದು. ರಷ್ಯದ ಆರ್ಥಿಕ ದುಃಸ್ಥಿತಿಯೂ ಒಂದು ಕಾರಣ. ಆದರೆ ಈ ಎರಡು ವಿಷಯಗಳನ್ನು ಅದೇ ಎರಡು ಸರಕಾರಗಳು ಅದೇ ತಿಂಗಳುಗಳಲ್ಲಿ ಒಟ್ಟಿಗೆ ತೂಗಿ ನೋಡಿದುವು ಎಂಬುದರಲ್ಲಿ ಸಂದೇಹವಿಲ್ಲ. ತೂಕದಲ್ಲಿ ರಷ್ಯಕ್ಕೆ ನಿಲ್ದಾಣದ ಪಾಲು ಭಾರವಾಯಿತು, ಭಾರತದ ಒಪ್ಪಂದ ಹಗುರವಾಯಿತು. ಅಂತರರಾಷ್ಟ್ರೀಯ ಸಹಕಾರದ ಸೌಧವೆಂದು ಕೊಂಡಾಡಲ್ಪಡುವ ನಿಲ್ದಾಣದ ತಳಪಾಯದ ಬಳಿ ಬೆಂಗಳೂರಿನ ಒಂದು ನಷ್ಟವೂ ಇದೆಯೆಂಬುದನ್ನು ಚರಿತ್ರೆಯ ವಿದ್ಯಾರ್ಥಿ ಮರೆಯಬಾರದು. ಸಹಕಾರವೆಂಬುದು ಕೆಲವರನ್ನು ಒಳಗೆ ಕೂಡಿಸುವಾಗಲೇ ಕೆಲವರನ್ನು ಹೊರಗೆ ನಿಲ್ಲಿಸುತ್ತದೆ. ಭಾರತವು ಆ ಎಂಜಿನನ್ನು ತಾನೇ ರಚಿಸಿಕೊಳ್ಳಬೇಕಾಯಿತು. ೨೦೧೦ರ ಏಪ್ರಿಲಿನ ಮೊದಲ ಯತ್ನ ವಿಫಲವಾಗಿ, ೨೦೧೪ರ ಜನವರಿ ೫ರಂದು ಅದು ಯಶಸ್ವಿಯಾಯಿತು.

೫. ಪಾಲಿನ ಲೆಕ್ಕ

ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ಮೂಲ ಒಪ್ಪಂದಕ್ಕೆ ೧೯೯೮ರ ಜನವರಿ ೨೯ರಂದು ೧೫ ರಾಷ್ಟ್ರಗಳು ಅಂಕಿತ ಹಾಕಿದುವು: ಅಮೆರಿಕ, ರಷ್ಯ, ಜಪಾನ್, ಕೆನಡ ಮತ್ತು ಯುರೋಪಿನ ೧೧ ರಾಷ್ಟ್ರಗಳು. ಮೊದಲ ಕೋಷ್ಠವಾದ ಜಾರ್ಯಾ ೧೯೯೮ರ ನವೆಂಬರ್ ೨೦ರಂದು ಬೈಕನೂರಿನಿಂದ ಏರಿತು. ಅದಕ್ಕೆ ಹಣ ಕೊಟ್ಟುದು ಅಮೆರಿಕ, ಕಟ್ಟಿದುದು ಮಾಸ್ಕೋದ ಕಾರ್ಖಾನೆ. ಡಿಸೆಂಬರಿನಲ್ಲಿ ಅಮೆರಿಕದ ಯೂನಿಟಿ ಕೋಷ್ಠ ಅದಕ್ಕೆ ಕೂಡಿಕೊಂಡಿತು. ೨೦೦೦ದ ನವೆಂಬರ್ ೨ರಂದು ಮೊದಲ ಖಾಯಂ ತಂಡ ಒಳಹೊಕ್ಕಿತು. ೨೦೦೧ರಲ್ಲಿ ಕೆನಡ ೧೭ ಮೀಟರಿಗೂ ಉದ್ದವಾದ ಯಾಂತ್ರಿಕ ತೋಳನ್ನು ಒದಗಿಸಿತು. ಮುಂದಿನ ಭಾಗಗಳನ್ನು ಎತ್ತಿ ಜೋಡಿಸುವುದಕ್ಕೆ ಅದೇ ಮುಖ್ಯ ಸಾಧನವಾಯಿತು. ೨೦೦೮ರಲ್ಲಿ ಯುರೋಪಿನ ಕೊಲಂಬಸ್ ಪ್ರಯೋಗಾಲಯವೂ ಜಪಾನಿನ ಕಿಬೋ ಪ್ರಯೋಗಾಲಯದ ಮುಖ್ಯ ಭಾಗವೂ ಸೇರಿದುವು. ಹೀಗೆ ಬೆಳೆದ ನಿಲ್ದಾಣದ ತೂಕ ೪೦೦ ಟನ್ನಿಗೂ ಮಿಗಿಲು.

ಈ ಸಹಕಾರದಲ್ಲಿ ಹಣ ಕೈಯಿಂದ ಕೈಗೆ ಹೋದುದಕ್ಕಿಂತ ಹೆಚ್ಚಾಗಿ ವಸ್ತುವಿನಿಮಯ ನಡೆಯಿತು. ಕೊಲಂಬಸ್ಸನ್ನು ಷಟಲ್ ನೌಕೆಯಲ್ಲಿ ಒಯ್ದುಕೊಟ್ಟುದಕ್ಕೆ ಪ್ರತಿಯಾಗಿ ಯುರೋಪು ಎರಡು ಜೋಡಣಾ ಕೋಷ್ಠಗಳನ್ನು ಇಟಲಿಯ ಟ್ಯೂರಿನ್ ನಗರದಲ್ಲಿ ಕಟ್ಟಿಸಿಕೊಟ್ಟಿತು. ಇಟಲಿ ಮೂರು ಸರಕುಕೋಷ್ಠಗಳನ್ನು ಪ್ರತ್ಯೇಕವಾಗಿ ಕೊಟ್ಟು, ತನ್ನ ಯಾತ್ರಿಗಳಿಗೆ ಅವಕಾಶವನ್ನೂ ಪ್ರಯೋಗಕ್ಕೆ ಕಾಲವನ್ನೂ ಪಡೆಯಿತು. ನಿಲ್ದಾಣದ ಸಾಮಾನ್ಯ ನಿರ್ವಹಣೆಯ ತಮ್ಮ ಪಾಲಿನ ವೆಚ್ಚವನ್ನು ಯುರೋಪು ೨೦೦೮ರಿಂದ ೨೦೧೪ರವರೆಗೆ ಐದು ಸರಕುನೌಕೆಗಳ ಮೂಲಕವೂ, ಜಪಾನ್ ೨೦೦೯ರಿಂದ ೨೦೨೦ರವರೆಗೆ ಒಂಬತ್ತು ಸರಕುನೌಕೆಗಳ ಮೂಲಕವೂ ಬಹುಮಟ್ಟಿಗೆ ತೀರಿಸಿದುವು. ಹೊತ್ತೊಯ್ದ ಸರಕೇ ಸಂದಾಯವಾಯಿತು.

ಹಕ್ಕಿನ ಹಂಚಿಕೆಯೂ ಅಷ್ಟೇ ಕಟ್ಟುನಿಟ್ಟಾದುದು. ರಷ್ಯದ ಭಾಗ ಸಂಪೂರ್ಣವಾಗಿ ರಷ್ಯದ್ದು. ಉಳಿದ ಭಾಗದ ವಿದ್ಯುತ್ತು, ಯಾತ್ರಿಗಳ ಕೆಲಸದ ಕಾಲ ಮೊದಲಾದುವುಗಳಲ್ಲಿ ಅಮೆರಿಕಕ್ಕೆ ನೂರಕ್ಕೆ ೭೬.೬, ಜಪಾನಿಗೆ ೧೨.೮, ಯುರೋಪಿಗೆ ೮.೩, ಕೆನಡಕ್ಕೆ ೨.೩ ಪಾಲು. ಯುರೋಪು ತಾನೇ ಕಟ್ಟಿದ ಕೊಲಂಬಸ್ಸಿನೊಳಗಿನ ಪ್ರಯೋಗಸ್ಥಾನಗಳಲ್ಲಿಯೂ ಅದಕ್ಕೆ ದೊರೆತುದು ನೂರಕ್ಕೆ ೫೧ ಮಾತ್ರ. ವಿದ್ಯುತ್ತು ಮೊದಲಾದ ಆಧಾರವನ್ನು ಒದಗಿಸುವ ಅಮೆರಿಕಕ್ಕೆ ೪೬.೭, ಯಾಂತ್ರಿಕ ತೋಳನ್ನು ಕೊಟ್ಟ ಕೆನಡಕ್ಕೆ ೨.೩. ಕೆನಡದ ಪಾಲು ಸಣ್ಣದಾದರೂ ಅದು ದಯೆಯಿಂದ ಬಂದುದಲ್ಲ. ತೋಳಿಲ್ಲದೆ ನಿಲ್ದಾಣ ಬೆಳೆಯುವಂತಿರಲಿಲ್ಲ. ಸಣ್ಣ ರಾಷ್ಟ್ರವೂ ಅನಿವಾರ್ಯವಾದ ಒಂದು ವಸ್ತುವನ್ನು ಕಟ್ಟಿಕೊಟ್ಟು ಪಾಲುದಾರನಾಗಬಹುದೆಂಬುದಕ್ಕೆ ಇದು ಸಾಕ್ಷಿ. ಬ್ರೆಜಿಲ್ ಇದಕ್ಕೆ ವಿರುದ್ಧವಾದ ನಿದರ್ಶನ. ಅದು ೧೯೯೭ರಲ್ಲಿ ಕೆಲವು ಉಪಕರಣಗಳನ್ನು ಒದಗಿಸುವುದಾಗಿ ಅಮೆರಿಕದೊಡನೆ ಒಪ್ಪಂದ ಮಾಡಿಕೊಂಡಿತು, ಒದಗಿಸಲಾಗಲಿಲ್ಲ. ಅದರ ಯಾತ್ರಿ ಮಾರ್ಕೊಸ್ ಪೊಂತೆಸ್ ೨೦೦೬ರಲ್ಲಿ ರಷ್ಯದ ನೌಕೆಯಲ್ಲಿ ಶುಲ್ಕ ತೆತ್ತು ಹೋಗಿಬಂದರು. ಬ್ರೆಜಿಲಿಗೆ ಯಾತ್ರಿಕನು ದೊರೆತನು, ಪಾಲು ದೊರೆಯಲಿಲ್ಲ.

ಪೂರೈಕೆಯ ಬೆಲೆ ತಿಳಿಯುವುದು ಅದು ನಿಂತಾಗ. ನಿಲ್ದಾಣ ಸುಮಾರು ೪೦೦ ಕಿಲೋಮೀಟರ್ ಎತ್ತರದಲ್ಲಿದ್ದರೂ ಅಲ್ಲಿಯ ಅತಿ ತೆಳುವಾದ ವಾಯು ಅದರ ವೇಗವನ್ನು ಕುಗ್ಗಿಸುತ್ತದೆ. ಆಗಾಗ ಇಂಧನ ಉರಿಸಿ ಮೇಲಕ್ಕೆತ್ತದಿದ್ದರೆ ಅದು ಇಳಿಯುತ್ತ ಹೋಗುತ್ತದೆ. ೨೦೦೩ರ ಫೆಬ್ರವರಿ ೧ರಂದು ಕೊಲಂಬಿಯಾ ನೌಕೆ ಹಿಂದಿರುಗುವಾಗ ಒಡೆದು, ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಮಡಿದರು. ೨೦೦೫ರ ಜುಲೈವರೆಗೆ ಷಟಲ್ ನೌಕೆಗಳು ಹಾರಲಿಲ್ಲ. ಆ ಅವಧಿಯಲ್ಲಿ ತಂಡವನ್ನು ಮೂವರಿಂದ ಇಬ್ಬರಿಗೆ ಇಳಿಸಿ, ರಷ್ಯದ ಸೋಯುಜ್ ಮತ್ತು ಪ್ರೋಗ್ರೆಸ್ ನೌಕೆಗಳಿಂದಲೇ ನಿಲ್ದಾಣವನ್ನು ಉಳಿಸಿಕೊಳ್ಳಲಾಯಿತು. ೨೦೧೧ರಲ್ಲಿ ಷಟಲ್ ನೌಕೆಗಳು ನಿವೃತ್ತವಾದ ಮೇಲೆ ೨೦೨೦ರವರೆಗೆ ಅಲ್ಲಿಗೆ ಯಾತ್ರಿಗಳನ್ನು ಒಯ್ಯುವ ಸಾಧನ ಸೋಯುಜ್ ಒಂದೇ. ಹಣವಿಲ್ಲದೆ ಬಂದ ಪಾಲುದಾರನು ಬಂಡಿಯ ಒಡೆತನದಿಂದ ಸಮಾನನಾಗಿ ಉಳಿದನು.

ಈ ಕೂಟದಿಂದ ಹೊರಗುಳಿದ ಚೀನ ೨೦೨೧ ಮತ್ತು ೨೦೨೨ರಲ್ಲಿ ಮೂರು ಕೋಷ್ಠಗಳ ತನ್ನದೇ ನಿಲ್ದಾಣವನ್ನು ಕಟ್ಟಿಕೊಂಡಿತು. ಅಲ್ಲಿಗಾಗಿ ವಿಶ್ವಸಂಸ್ಥೆಯ ಮೂಲಕ ೨೦೧೯ರಲ್ಲಿ ಆಯ್ದ ಒಂಬತ್ತು ಪ್ರಯೋಗಗಳಲ್ಲಿ ಒಂದು, ನೀಹಾರಿಕೆಗಳ ಅನಿಲವನ್ನು ರೋಹಿತದಿಂದ ಪರಿಶೀಲಿಸುವ ಉಪಕರಣ, ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ರಷ್ಯದ ಖಗೋಲ ಸಂಸ್ಥೆಯೊಡನೆ ಸೂಚಿಸಿದುದು. ರಾಜ್ಯಗಳ ನಡುವೆ ಮನಸ್ತಾಪವಿರುವಾಗಲೂ ಉಪಕರಣ ಕಟ್ಟಬಲ್ಲವರಿಗೆ ಬಾಗಿಲು ಪೂರ್ತಿಯಾಗಿ ಮುಚ್ಚುವುದಿಲ್ಲ ಎಂಬುದು ಇದರಿಂದ ತಿಳಿದುಬರುತ್ತದೆ.

೬. ೨೦೨೫ ಮತ್ತು ಮುಂದೆ

ಶರ್ಮರ ಯಾತ್ರೆಯಾಗಿ ೪೧ ವರ್ಷಗಳ ನಂತರ, ೨೦೨೫ರ ಜೂನ್ ೨೫ರಂದು, ಶುಭಾಂಶು ಶುಕ್ಲ ಅವರು ಆಕ್ಸಿಯಮ್-೪ ಯಾನದಲ್ಲಿ ಹೊರಟು ಮರುದಿನ ಅಂತರರಾಷ್ಟ್ರೀಯ ನಿಲ್ದಾಣವನ್ನು ಸೇರಿದರು. ಜುಲೈ ೧೫ರಂದು ಭೂಮಿಗೆ ಮರಳಿದರು. ಅವರೊಡನೆ ಇದ್ದವರು ಅಮೆರಿಕದ ಪೆಗ್ಗಿ ವಿಟ್ಸನ್, ಪೋಲೆಂಡಿನ ಉಜ್ನಾನ್ಸ್ಕಿ-ವಿಷ್ನೆವ್ಸ್ಕಿ ಮತ್ತು ನಮ್ಮ ಕಾಪುವಿನ ಹೆಸರನ್ನೇ ಹೋಲುವ ಕುಲನಾಮದ ಹಂಗೆರಿಯ ತಿಬೋರ್ ಕಾಪು. ಭಾರತ, ಪೋಲೆಂಡ್, ಹಂಗೆರಿ ಈ ಮೂರೂ ಹಿಂದೆ ಸೋವಿಯೆತ್ ನಿಲ್ದಾಣದ ಅತಿಥಿಗಳಾಗಿದ್ದ ರಾಷ್ಟ್ರಗಳೆಂಬುದು ಗಮನಾರ್ಹ. ಅಂದು ಸ್ನೇಹದ ಆಮಂತ್ರಣ, ಇಂದು ಶುಲ್ಕದ ಪ್ರಯಾಣ. ಈ ಬಾರಿ ಭಾರತ ೫೦೦ ಕೋಟಿ ರೂಪಾಯಿಗಳಿಗೂ ಮೇಲ್ಪಟ್ಟು ವೆಚ್ಚ ಮಾಡಿತು.

ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಶುಕ್ಲರು ನಡೆಸಿದ ಭಾರತದ ಏಳು ಪ್ರಯೋಗಗಳಲ್ಲಿ ನಾಲ್ಕು ಕರ್ನಾಟಕದಿಂದ ಹೋದುವು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಐ.ಐ.ಟಿ. ಕೂಡಿ ಹೆಸರುಕಾಳು ಮತ್ತು ಮೆಂತೆಯ ಮೊಳಕೆಗಳನ್ನು ಪರೀಕ್ಷಿಸಿದುವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ನೀರುಕರಡಿ ಎಂಬ ಅತಿಸೂಕ್ಷ್ಮ ಪ್ರಾಣಿಯ ಬದುಕನ್ನೂ, ಭಾರರಹಿತ ಸ್ಥಿತಿಯಲ್ಲಿ ವಿದ್ಯುತ್ ಪರದೆಗಳ ಬಳಕೆಯನ್ನೂ ಕುರಿತು ಎರಡು ಪ್ರಯೋಗಗಳನ್ನು ಒದಗಿಸಿತು. ಸ್ನಾಯುಗಳು ಕ್ಷೀಣಿಸುವ ಬಗೆಯನ್ನು ಕುರಿತ ನಾಲ್ಕನೆಯದು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯದು. ಮೊಳಕೆಯ ಪ್ರಯೋಗವನ್ನು ಬಾಲಕರ ಆಟವೆಂದು ಎಣಿಸಕೂಡದು. ಮೇಲಕ್ಕೆ ಸಾಗಿಸುವ ಪ್ರತಿ ಕಿಲೋಗ್ರಾಮಿಗೂ ಅಪಾರ ವೆಚ್ಚ ತಗಲುವಾಗ, ಅಲ್ಲಿಯೇ ಮೊಳೆಯುವ ಕಾಳು ಪೂರೈಕೆಯ ಪ್ರಶ್ನೆಗೆ ಒಂದು ಉತ್ತರ. ನಲವತ್ತೊಂದು ವರ್ಷಗಳ ಹಿಂದೆ ಮೈಸೂರು ಬುತ್ತಿ ಕಟ್ಟಿಕೊಟ್ಟಿತು. ಧಾರವಾಡ ಬೀಜ ಕೊಟ್ಟಿತು. ಪ್ರಯೋಗಾಲಯಗಳಿಗೆ ಅನುಭವ ಉಳಿಯಿತು. ಆದರೂ ನಿಲ್ದಾಣದಲ್ಲಿ ಭಾರತಕ್ಕೆ ಪಾಲಿಲ್ಲ. ಬಾಡಿಗೆಯ ಕೋಣೆ ಖಾಲಿ ಮಾಡಿದ ಮೇಲೆ ಬಾಡಿಗೆದಾರನಿಗೆ ಹಕ್ಕಿಲ್ಲ.

ಇದರ ಅರಿವಿನಿಂದಲೇ ಸ್ವಂತ ನಿಲ್ದಾಣದ ಯೋಜನೆ ರೂಪುಗೊಂಡಿದೆ. ೨೦೧೯ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮಾನವ ಅಂತರಿಕ್ಷಯಾನ ಕೇಂದ್ರ ಆರಂಭವಾಯಿತು. ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಕೋಷ್ಠಕ್ಕೆ ೨೦೨೪ರ ಸೆಪ್ಟೆಂಬರ್ ೧೮ರಂದು ಕೇಂದ್ರ ಮಂತ್ರಿಮಂಡಲ ಅನುಮೋದನೆಯಿತ್ತಿತು. ಅದನ್ನು ೨೦೨೮ರಲ್ಲಿ ಉಡಾಯಿಸಿ, ಐದು ಕೋಷ್ಠಗಳ ನಿಲ್ದಾಣವನ್ನು ೨೦೩೫ರ ವೇಳೆಗೆ ಪೂರೈಸುವುದು ಗುರಿ. ಕೋಷ್ಠಗಳನ್ನು ಕಕ್ಷೆಯಲ್ಲಿ ಜೋಡಿಸುವ ವಿದ್ಯೆ ಇದಕ್ಕೆ ಮೂಲಾಧಾರ. ಸ್ಪೇಡೆಕ್ಸ್ ಎಂಬ, ತಲಾ ೨೨೦ ಕಿಲೋಗ್ರಾಂ ತೂಕದ ಎರಡು ಉಪಗ್ರಹಗಳನ್ನು ೨೦೨೫ರ ಜನವರಿ ೧೬ರಂದು ಕಕ್ಷೆಯಲ್ಲಿ ಕೂಡಿಸುವುದರ ಮೂಲಕ ಅಮೆರಿಕ, ರಷ್ಯ, ಚೀನಗಳ ನಂತರ ಭಾರತ ಈ ವಿದ್ಯೆಯನ್ನು ಕೈವಶಮಾಡಿಕೊಂಡಿತು. ಈ ಕಾರ್ಯವನ್ನು ಮುನ್ನಡೆಸಿದ ಬೆಂಗಳೂರಿನ ಉಪಗ್ರಹ ಕೇಂದ್ರವು ೨೦೧೮ರಿಂದ ಯು. ಆರ್. ರಾವ್ ಉಪಗ್ರಹ ಕೇಂದ್ರವೆಂಬ ಹೆಸರನ್ನು ಹೊತ್ತಿದೆ. ರಾಯರು ೨೦೧೭ರ ಜುಲೈ ೨೪ರಂದು ನಿಧನ ಹೊಂದಿದ್ದರು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸಿದ್ಧಿಸುತ್ತವೆ. ಒಂದನೆಯದಾಗಿ, ಕಟ್ಟುವ ಕೆಲಸ ನಮ್ಮ ಪಾಲಿಗೆ ಬಂದ ಸಹಕಾರಗಳು, ಆರ್ಯಭಟದಂತೆ ಅರೆ ವಿಫಲವಾದುದೂ ಸೇರಿ, ದೇಶದಲ್ಲಿ ಬೇರೂರಿದುವು. ಯಾತ್ರಿಕನನ್ನು ಮಾತ್ರ ಕಳುಹಿಸಿದ ಸಹಕಾರ ಸ್ಫೂರ್ತಿಯನ್ನು ಕೊಟ್ಟಿತು, ಕಸಬನ್ನು ಕೊಡಲಿಲ್ಲ. ಎರಡನೆಯದಾಗಿ, ನಿರ್ಮಾಣಕ್ಕಿಂತಲೂ ಪೂರೈಕೆಯ ಸಾಧನವನ್ನು ಹೊಂದಿದವನ ಮಾತಿಗೆ ಸಂಕಟಕಾಲದಲ್ಲಿ ಹೆಚ್ಚು ಬೆಲೆ. ಮೂರನೆಯದಾಗಿ, ಇಂಥ ಕೂಟಗಳು ಹೊರಗುಳಿದವರಿಗೆ ಉಂಟುಮಾಡುವ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಅವುಗಳ ಚರಿತ್ರೆ ಪೂರ್ಣವಾಗುವುದಿಲ್ಲ.

ಈ ಮೂರನೆಯ ಸಂಗತಿ ಇನ್ನು ಮುಂದೆ ನಮಗೇ ಪ್ರಶ್ನೆಯಾಗಿ ಬರಲಿದೆ. ಭಾರತ ಆತಿಥೇಯ ರಾಷ್ಟ್ರವಾಗುವ ದಿನ, ಸ್ವಂತ ರಾಕೆಟ್ಟಿಲ್ಲದ ನೆರೆಯ ರಾಷ್ಟ್ರಗಳಿಗೆ ಅದು ಒಂದು ವಾರದ ಆತಿಥ್ಯವನ್ನು ಕೊಡುವುದೋ, ಒಂದು ಉಪಕರಣವನ್ನು ಕಟ್ಟುವ ಕೆಲಸವನ್ನೂ ಅದಕ್ಕೆ ತಕ್ಕ ಪಾಲನ್ನೂ ಕೊಡುವುದೋ? ದೇಶದೊಳಗೂ ಇದೇ ಪ್ರಶ್ನೆ ಏಳುತ್ತದೆ: ಧಾರವಾಡಕ್ಕೆ ದೊರೆತಂಥ ಅವಕಾಶ ಉಡುಪಿ, ಮಣಿಪಾಲ, ಕಾರ್ಕಳಗಳ ಕಾಲೇಜು ಪ್ರಯೋಗಾಲಯಗಳಿಗೂ ಯಾವ ನಿಯಮದ ಮೇಲೆ ದೊರೆಯಬೇಕು? ಈ ನಿಯಮಗಳನ್ನು ಬರೆಯಬೇಕಾದುದು ೨೦೩೫ರಲ್ಲಿ ಅಲ್ಲ, ಕೋಷ್ಠಗಳ ವಿನ್ಯಾಸ ನಡೆಯುತ್ತಿರುವ ಈ ವರ್ಷಗಳಲ್ಲಿ; ಏಕೆಂದರೆ ಅಂತರರಾಷ್ಟ್ರೀಯ ನಿಲ್ದಾಣದ ಪಾಲುಗಳು ನಿಶ್ಚಯವಾದುದು ಅದರ ಮೊದಲ ಕೋಷ್ಠ ನೆಲ ಬಿಡುವುದಕ್ಕೆ ಮುಂಚೆಯೇ. ೧೯೭೨, ೧೯೯೩ ಮತ್ತು ೧೯೯೮ರ ಒಪ್ಪಂದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ಕೆಲಸವನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಕೈಗೊಂಡರೆ, ಆ ನಿಯಮಗಳ ಚರ್ಚೆಗೆ ಚರಿತ್ರೆಯ ವಿಭಾಗದಿಂದಲೂ ಒಂದು ಪ್ರಯೋಜನಕರವಾದ ಕೊಡುಗೆ ಸಂದೀತು.